ಸಕ್ಕರೆ ಕಾಯಿಲೆಯ ಮಾತ್ರೆ: ಇಳಿದ ಬೆಲೆ, ಹಳೆಯ ಚೀಟಿ

2025ರ ಮಾರ್ಚ್ 11ರಂದು ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಔಷಧದ ಪೇಟೆಂಟ್ ಭಾರತದಲ್ಲಿ ಮುಗಿಯಿತು. ಅದುವರೆಗೆ ಮಾತ್ರೆಯೊಂದಕ್ಕೆ 60 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ದಿನಗಳಲ್ಲಿ 10 ರೂಪಾಯಿಗಿಂತ ಕೆಳಕ್ಕೆ ಬಂತು. ಇದು ಹೊಸ ಸಂಗತಿಯೇನಲ್ಲ. 2019ರ ಕೊನೆಯಲ್ಲಿ ವಿಲ್ಡಾಗ್ಲಿಪ್ಟಿನ್, 2020ರಲ್ಲಿ ಡಾಪಾಗ್ಲಿಫ್ಲೋಜಿನ್, 2022ರಲ್ಲಿ ಸಿಟಾಗ್ಲಿಪ್ಟಿನ್ ಇದೇ ಹಾದಿಯಲ್ಲಿ ಬಂದಿದ್ದವು. ಶ್ರೀಮಂತರ ಔಷಧವೆನಿಸಿದ್ದ ಮಾತ್ರೆಗಳು ಮಧ್ಯಮ ವರ್ಗದ ಮನೆಯ ಫ್ರಿಜ್ಜಿನ ಮೇಲಿನ ಡಬ್ಬಿಗೆ ಬಂದು ಸೇರಿದವು. ಸಂತೋಷದ ವಿಷಯವೇ ಸರಿ.

ಆದರೆ ಬೆಲೆ ಇಳಿದ ಸುದ್ದಿಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಆ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು ಎಂಬ ಮಾಹಿತಿಗೆ ಸಿಗಲಿಲ್ಲ. ಅಗ್ಗವಾದ ಔಷಧ ಹೆಚ್ಚು ಜನರನ್ನು ತಲುಪುತ್ತದೆ. ಹೆಚ್ಚು ಜನರನ್ನು ತಲುಪಿದ ಔಷಧ ವೈದ್ಯರ ಕಣ್ಣಿಂದ ದೂರ ಸರಿಯುತ್ತಾ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಗ್ರಾಮೀಣ ಪ್ರದೇಶದಲ್ಲಿ ಶೇ. 8.9ರಷ್ಟಿರುವ ಕಾಯಿಲೆ ನಗರ ಪ್ರದೇಶದಲ್ಲಿ ಶೇ. 16.4ರಷ್ಟಿದೆ. ಅಂದರೆ ನಗರದ ವಯಸ್ಕರಲ್ಲಿ ಸರಿಸುಮಾರು ಆರರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಇವರಲ್ಲಿ ಬಹುಪಾಲು ಜನರದು ಎರಡನೇ ವಿಧದ ಮಧುಮೇಹ. ಚಿಕಿತ್ಸೆಯ ಮೊದಲ ಹಲವು ವರ್ಷ ನುಂಗುವ ಮಾತ್ರೆಯೇ ಆಧಾರ.

ಕಾನೂನು ಹೇಳುವುದು, ಅಂಗಡಿಯಲ್ಲಿ ನಡೆಯುವುದು

ಔಷಧ ಅಂಗಡಿಯ ಕಟ್ಟೆಯ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ವಸ್ತುಸ್ಥಿತಿ ಅರ್ಥವಾಗುತ್ತದೆ. ಬಂದವರು ಚೀಟಿ ತೋರಿಸುವುದಿಲ್ಲ. ಖಾಲಿಯಾದ ಮಾತ್ರೆಪಟ್ಟಿಯ ಒಂದು ತುಣುಕನ್ನು ಮುಂದಿಡುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಚಿತ್ರವನ್ನು ತೋರಿಸುತ್ತಾರೆ. 'ಇದೇ ಎರಡು ಸ್ಟ್ರಿಪ್ ಕೊಡಿ' ಎಂದರೆ ವ್ಯವಹಾರ ಮುಗಿಯಿತು. ಚೀಟಿ ಇದ್ದವರ ಕೈಯಲ್ಲಿಯೂ ಅದು ಮೂರು ವರ್ಷದ ಹಿಂದಿನದು. ಮಡಿಕೆಯಲ್ಲಿ ಹರಿದು, ಪ್ಲಾಸ್ಟಿಕ್ ಹೊದಿಕೆಯೊಳಗೆ ಸೇರಿರುತ್ತದೆ.

1945ರ ಔಷಧ ನಿಯಮಗಳು ಈ ಬಗ್ಗೆ ಅತ್ಯಂತ ಸ್ಪಷ್ಟವಾಗಿವೆ. 65ನೇ ನಿಯಮದ ಪ್ರಕಾರ, ಮತ್ತೆ ಕೊಡಬಹುದೆಂದು ವೈದ್ಯರು ಬರೆದಿರದ ಹೊರತು ಒಂದು ಚೀಟಿಗೆ ಒಂದು ಸಲವಷ್ಟೇ ಔಷಧ ಕೊಡಬೇಕು. ಕೊಟ್ಟ ದಿನಾಂಕವನ್ನೂ ಅಂಗಡಿಯ ಹೆಸರು, ವಿಳಾಸವನ್ನೂ ಚೀಟಿಯ ಮೇಲೆ ನಮೂದಿಸಬೇಕು. ಅದೇ ನಿಯಮಗಳ 'ಜಿ' ಅನುಸೂಚಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್‌ನಂಥ ಮಧುಮೇಹದ ಔಷಧಗಳ ಹೆಸರುಗಳಿವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇವುಗಳ ಸೇವನೆ ಅಪಾಯಕಾರಿ ಎಂಬ ಎಚ್ಚರಿಕೆ ಹೊದಿಕೆಯ ಮೇಲೆ ಇರಲೇಬೇಕು. ಎಚ್ಚರಿಕೆ ಇದೆ, ಓದಲು ಭೂತಗನ್ನಡಿ ಬೇಕು, ಅದೂ ಇಂಗ್ಲಿಷಿನಲ್ಲಿದೆ.

ನಿಯಮವನ್ನು ಅಕ್ಷರಶಃ ಜಾರಿಗೆ ತಂದರೆ ಮರುದಿನವೇ ಲಕ್ಷಾಂತರ ಜನರ ಮಾತ್ರೆ ನಿಂತುಹೋಗಿ ಅನಾಹುತವಾದೀತು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ವೈದ್ಯರನ್ನು ಮತ್ತೆ ಕಾಣಲು ಒಂದು ದಿನದ ಕೂಲಿ, ಸಮಾಲೋಚನಾ ಶುಲ್ಕ, ರಕ್ತ ಪರೀಕ್ಷೆಯ ಖರ್ಚು ಎಲ್ಲವೂ ಸೇರುತ್ತವೆ. ಹಾಗೆಂದು ಹಳೆಯ ಚೀಟಿಯೇ ಶಾಶ್ವತ ಎಂಬ ಈಗಿನ ಪದ್ಧತಿಯೂ ಸುರಕ್ಷಿತವಲ್ಲ. ಏಕೆಂದರೆ ಚೀಟಿ ಬದಲಾಗದಿದ್ದರೂ ದೇಹ ಬದಲಾಗುತ್ತಿರುತ್ತದೆ. 55ನೇ ವಯಸ್ಸಿನಲ್ಲಿ ಬರೆದ ಪ್ರಮಾಣ 68ನೇ ವಯಸ್ಸಿಗೂ ಸರಿಹೊಂದಬೇಕೆಂದಿಲ್ಲ. ಅಷ್ಟರಲ್ಲಿ ಮೂತ್ರಪಿಂಡದ ಶಕ್ತಿ ಕುಗ್ಗಿರುತ್ತದೆ, ಊಟ ಕಡಿಮೆಯಾಗಿರುತ್ತದೆ, ತೂಕ ಇಳಿದಿರುತ್ತದೆ.

ಸಕ್ಕರೆ ಇಳಿದರೆ

ಮಧುಮೇಹವೆಂದರೆ ಸಕ್ಕರೆ ಏರುವ ಕಾಯಿಲೆ ಎಂಬುದು ಎಲ್ಲರಿಗೂ ತಿಳಿದಿದೆ. ಮಾತ್ರೆಯಿಂದ ಅದು ಅಪಾಯದ ಮಟ್ಟಕ್ಕೆ ಇಳಿಯಬಹುದೆಂಬುದು ಎಷ್ಟೋ ಮನೆಗಳಲ್ಲಿ ಗೊತ್ತಾಗುವುದು ಆಸ್ಪತ್ರೆಯ ತುರ್ತು ವಿಭಾಗದಲ್ಲಿಯೇ. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದವು ಸಲ್ಫೊನೈಲ್‌ಯೂರಿಯಾ ಎಂಬ ವರ್ಗಕ್ಕೆ ಸೇರಿದವು. ಇವು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಹೊರಹಾಕಿಸುತ್ತವೆ. ಊಟ ಮಾಡಿದ್ದೀರೋ ಇಲ್ಲವೋ ಎಂದು ಅವು ಕೇಳುವುದಿಲ್ಲ. ಮಾತ್ರೆ ನುಂಗಿ ಉಪಾಹಾರಕ್ಕೆ ಮುನ್ನ ದೇವಸ್ಥಾನಕ್ಕೆ ಹೋದವರು, ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡವರು, ಏಕಾದಶಿಯೆಂದು ಊಟ ಬಿಟ್ಟು ಮಾತ್ರೆಯನ್ನು ಮಾತ್ರ ಬಿಡದವರು ಇವರೆಲ್ಲ ಒಂದೇ ಅಪಾಯದ ಪಾಲುದಾರರು. ರಂಜಾನ್ ಉಪವಾಸ ಮಾಡುವವರ ಮಾತ್ರೆಯ ಹೊತ್ತು ಮತ್ತು ಪ್ರಮಾಣಗಳನ್ನು ಮುಂಚಿತವಾಗಿ ಬದಲಿಸಬೇಕೆಂಬುದು ವೈದ್ಯಲೋಕದಲ್ಲಿ ಈಗ ಸಾಮಾನ್ಯ ಸಲಹೆ. ಶಿವರಾತ್ರಿಗೂ ನವರಾತ್ರಿಗೂ ಅದೇ ಸಲಹೆ ಅನ್ವಯಿಸುತ್ತದೆ ಎಂದು ಕೇಳುವವರು ಕಡಿಮೆ.

ರಕ್ತದ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೊದಲು ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು. ಮುಂದೆ ತೊದಲು ಮಾತು, ಗೊಂದಲ, ಪ್ರಜ್ಞಾಹೀನತೆ. ವೃದ್ಧರಲ್ಲಿ ಇದನ್ನು ಪಾರ್ಶ್ವವಾಯುವೆಂದೋ ಮರೆವಿನ ಕಾಯಿಲೆಯೆಂದೋ ತಪ್ಪು ತಿಳಿಯುವುದುಂಟು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಸೇವಿಸುವವರಲ್ಲಿ ನಡುಕ, ಎದೆಬಡಿತಗಳು ಮರೆಯಾಗಿ ಬೆವರೊಂದೇ ಸೂಚನೆಯಾಗಿ ಉಳಿಯಬಹುದು. ಗ್ಲಿಬೆನ್‌ಕ್ಲಮೈಡ್ ಈ ವರ್ಗದಲ್ಲಿ ಹೆಚ್ಚು ಅಪಾಯಕಾರಿ. ದೇಹದಲ್ಲಿ ಅದು ವಿಭಜನೆಯಾದ ಮೇಲೂ ಉಳಿದ ಅಂಶಗಳು ಸಕ್ಕರೆ ಇಳಿಸುತ್ತಲೇ ಇರುತ್ತವೆ. ಅವು ಹೊರಹೋಗಲು ಮೂತ್ರಪಿಂಡ ಚೆನ್ನಾಗಿರಬೇಕು. 60 ವರ್ಷ ದಾಟಿದವರಿಗೆ ಅದು ಸೂಕ್ತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ 2013ರಲ್ಲಿಯೇ ಹೇಳಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಕ್ಕರೆ ಇಳಿದಾಗ ಸಕ್ಕರೆ ನೀರು ಕುಡಿಸಬೇಕೆಂಬುದು ಮನೆಮನೆಯ ತಿಳಿವಳಿಕೆ. ಆದರೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್‌ಗಳ ಜೊತೆಗೆ ವೋಗ್ಲಿಬೋಸ್ ಸೇರಿಸಿದ ಮೂರರ ಮಾತ್ರೆ ನಮ್ಮ ದೇಶದಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ವೋಗ್ಲಿಬೋಸ್ ಮಾಡುವ ಕೆಲಸವೇ ಪಿಷ್ಟ ಮತ್ತು ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ತಡೆಯುವುದು. ಅದನ್ನು ಸೇವಿಸುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ, ಬಿಸ್ಕತ್ತು ಬೇಗನೆ ಫಲ ಕೊಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಬೇಕು. ಮೂರು ದೊಡ್ಡ ಚಮಚದಷ್ಟು, ಅಂದರೆ ಕನಿಷ್ಠ 15 ಗ್ರಾಂ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಕೂಡದು. ಒಮ್ಮೆ ಚೇತರಿಸಿಕೊಂಡರೂ ಸಲ್ಫೊನೈಲ್‌ಯೂರಿಯಾದ ಪ್ರಭಾವ ಗಂಟೆಗಟ್ಟಲೆ ಉಳಿದು ಸಕ್ಕರೆ ಮತ್ತೆ ಇಳಿಯಬಹುದಾದ್ದರಿಂದ ವೃದ್ಧರನ್ನು ಆಸ್ಪತ್ರೆಯಲ್ಲಿ ಒಂದು ದಿನವಾದರೂ ನಿಗಾದಲ್ಲಿ ಇರಿಸುತ್ತಾರೆ. ಮಾತ್ರೆಯಲ್ಲಿ ವೋಗ್ಲಿಬೋಸ್ ಇದೆಯೋ ಇಲ್ಲವೋ ಎಂಬುದು ಎಷ್ಟು ಮಂದಿಗೆ ಗೊತ್ತು? ಪಟ್ಟಿಯ ಮೇಲೆ ದೊಡ್ಡಕ್ಷರದಲ್ಲಿರುವುದು ಕಂಪನಿಯಿಟ್ಟ ಹೆಸರು ಮಾತ್ರ.

ಇತರ ಔಷಧಗಳ ಜೊತೆ ಉಂಟಾಗುವ ಘರ್ಷಣೆಯೂ ಇಲ್ಲಿಯೇ ಹೆಚ್ಚು. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲೂಕೊನಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಸಿಪ್ರೋಫ್ಲಾಕ್ಸಸಿನ್ ವರ್ಗದ ಪ್ರತಿಜೀವಕಗಳು ಸಲ್ಫೊನೈಲ್‌ಯೂರಿಯಾದೊಂದಿಗೆ ಸೇರಿದಾಗ ಸಕ್ಕರೆ ಹಠಾತ್ತನೆ ಕುಸಿಯಬಹುದು. ಅದೇ ಸಿಪ್ರೋಫ್ಲಾಕ್ಸಸಿನ್ ಕುಟುಂಬದ ಗ್ಯಾಟಿಫ್ಲಾಕ್ಸಸಿನ್ ಸಕ್ಕರೆಯನ್ನು ವಿಪರೀತ ಏರುಪೇರು ಮಾಡುತ್ತದೆಂಬ ಕಾರಣಕ್ಕೆ ಕೇಂದ್ರ ಸರಕಾರ ಅದರ ಮಾತ್ರೆ ಮತ್ತು ಚುಚ್ಚುಮದ್ದನ್ನು 2011ರಲ್ಲಿ ನಿಷೇಧಿಸಬೇಕಾಯಿತು. ಜ್ವರಕ್ಕೆ ಬೇರೊಬ್ಬ ವೈದ್ಯರ ಬಳಿ ಹೋದಾಗ ಸಕ್ಕರೆ ಮಾತ್ರೆಯ ಹೆಸರನ್ನು ಹೇಳದೆ ಬರುವುದು ಎಷ್ಟು ಅಪಾಯವೆಂಬುದಕ್ಕೆ ಇಷ್ಟು ಸಾಕು.

ಒಂದೇ ಮಾತ್ರೆಯಲ್ಲಿ ಮೂರು

ಸಂಯೋಜಿತ ಮಾತ್ರೆಗಳ ವಿಚಾರದಲ್ಲಿ ನಮ್ಮ ನಿಯಂತ್ರಣ ವ್ಯವಸ್ಥೆಯ ಇತಿಹಾಸ ಹೆಮ್ಮೆಪಡುವಂಥದ್ದಲ್ಲ. 2016ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಒಂದೇ ಏಟಿಗೆ 344 ಸಂಯೋಜಿತ ಔಷಧಗಳನ್ನು ನಿಷೇಧಿಸಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಮರುಪರಿಶೀಲನೆಗೆ ಆದೇಶಿಸಿತು. 2018ರ ಸೆಪ್ಟೆಂಬರ್‌ನಲ್ಲಿ 328 ಸಂಯೋಜನೆಗಳ ಮೇಲೆ ಮತ್ತೆ ನಿಷೇಧ ಹೊರಬಿತ್ತು. ಮಧುಮೇಹದ ಹಲವು ಸಂಯೋಜನೆಗಳೂ ಆ ಪಟ್ಟಿಯಲ್ಲಿದ್ದವು. ಅಂದರೆ ವೈಜ್ಞಾನಿಕ ಸಮರ್ಥನೆಯಿಲ್ಲವೆಂದು ಸರಕಾರವೇ ಹೇಳಿದ ಮಾತ್ರೆಗಳನ್ನು ಜನ ವರ್ಷಗಟ್ಟಲೆ ನುಂಗಿದ್ದರು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಮತ್ತೆ 35 ಅನುಮೋದನೆಯಿಲ್ಲದ ಸಂಯೋಜನೆಗಳ ಬಗ್ಗೆ ರಾಜ್ಯಗಳಿಗೆ ಪತ್ರ ಬರೆಯಿತು. ಅವುಗಳಲ್ಲಿಯೂ ಮಧುಮೇಹದ ಔಷಧಗಳಿದ್ದವು. ತಯಾರಿಕಾ ಪರವಾನಗಿ ಕೊಡುವುದು ರಾಜ್ಯ, ಹೊಸ ಔಷಧಕ್ಕೆ ಅನುಮೋದನೆ ಕೊಡುವುದು ಕೇಂದ್ರ. ಈ ಎರಡರ ನಡುವಿನ ಬಿರುಕಿನಲ್ಲಿ ಮಾತ್ರೆಗಳು ಮಾರುಕಟ್ಟೆಗೆ ನುಸುಳುತ್ತಲೇ ಇವೆ.

ಸಂಯೋಜನೆಗಳೆಲ್ಲ ಕೆಟ್ಟವು ಎನ್ನುವಂತಿಲ್ಲ. ದಿನಕ್ಕೆ ಏಳು ಮಾತ್ರೆ ನುಂಗಬೇಕಾದವರಿಗೆ ಅದು ಮೂರಕ್ಕೆ ಇಳಿದರೆ ತಪ್ಪದೆ ಸೇವಿಸುತ್ತಾರೆ, ಖರ್ಚೂ ಕಡಿಮೆ. ತೊಂದರೆ ಇರುವುದು ಬೇರೆಡೆ. ವಾಂತಿಭೇದಿಯಾದಾಗ ಮೆಟ್‌ಫಾರ್ಮಿನ್ ಮಾತ್ರ ನಿಲ್ಲಿಸಿ ಎಂದು ವೈದ್ಯರು ಫೋನಿನಲ್ಲಿ ಹೇಳಿದರೆ ಮೂರನ್ನೂ ಒಟ್ಟಿಗೆ ಅಡಕಮಾಡಿದ ಮಾತ್ರೆಯಿಂದ ಅದನ್ನು ಬೇರ್ಪಡಿಸುವುದು ಹೇಗೆ? ನಿಧಾನವಾಗಿ ಕರಗಲೆಂದೇ ತಯಾರಿಸಿದ ಮಾತ್ರೆಯನ್ನು ಅರ್ಧ ಮಾಡಿಯೋ ಪುಡಿ ಮಾಡಿಯೋ ನುಂಗಿದರೆ ಇಡೀ ದಿನದ ಔಷಧ ಒಮ್ಮೆಲೇ ದೇಹಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಪುನರಾವರ್ತನೆಯದು. ಒಬ್ಬ ವೈದ್ಯರು ಬರೆದ ಮಾತ್ರೆಯೂ ಮತ್ತೊಬ್ಬರು ಬರೆದ ಮಾತ್ರೆಯೂ ಬೇರೆ ಬೇರೆ ಹೆಸರಿನವು; ಒಳಗಿರುವುದು ಮಾತ್ರ ಅದೇ ಗ್ಲಿಮೆಪಿರೈಡ್. ಬೆಲೆ ಇಳಿದ ಮೇಲೆ ಒಂದೇ ಔಷಧಕ್ಕೆ ಹತ್ತಾರು ಕಂಪನಿಗಳ ಹತ್ತಾರು ಹೆಸರುಗಳು ಬಂದಿರುವುದರಿಂದ ಈ ತಪ್ಪಿನ ಸಾಧ್ಯತೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಹಳೆಯದು, ಹೊಸದು

ಮೆಟ್‌ಫಾರ್ಮಿನ್ 1957ರಿಂದ ಬಳಕೆಯಲ್ಲಿದೆ. ಒಂಟಿಯಾಗಿ ಸೇವಿಸಿದರೆ ಅದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಅದರ ಸೋದರ ಸಂಬಂಧಿಯಾದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿಸಿ ಜೀವಕ್ಕೆ ಎರವಾಗುತ್ತದೆಂದು ಅಮೆರಿಕ 1977ರಲ್ಲಿ ಹಿಂತೆಗೆದುಕೊಂಡಿತು. ಭಾರತದಲ್ಲಿ ಅದಕ್ಕೆ ನಿಷೇಧ ಬಂದದ್ದು 2003ರಲ್ಲಿ, ಬರೋಬ್ಬರಿ 26 ವರ್ಷಗಳ ನಂತರ! ಹೃದಯಾಘಾತದ ಸಂಶಯಕ್ಕೆ ಗುರಿಯಾದ ರೋಸಿಗ್ಲಿಟಜೋನ್ 2010ರಲ್ಲಿ ನಿಷೇಧವಾಯಿತು. ಅದನ್ನು ಯುರೋಪ್ ತಡೆಹಿಡಿದ ವರ್ಷವೇ ನಾವೂ ಕ್ರಮ ಕೈಗೊಂಡೆವು ಎಂಬುದೊಂದು ಸಮಾಧಾನ. ಪಯೋಗ್ಲಿಟಜೋನ್‌ನ ಕಥೆ ವಿಚಿತ್ರವಾದದ್ದು. ಮೂತ್ರಕೋಶದ ಕ್ಯಾನ್ಸರಿನ ಭೀತಿಯಿಂದ 2013ರ ಜೂನ್‌ನಲ್ಲಿ ಅದರ ಮಾರಾಟವನ್ನು ತಡೆಹಿಡಿದ ಸರಕಾರ, ಜುಲೈ ಕೊನೆಯಲ್ಲಿ ಎಚ್ಚರಿಕೆಯ ಬರಹ ಮುದ್ರಿಸಬೇಕೆಂಬ ಷರತ್ತಿನೊಂದಿಗೆ ತಡೆ ತೆರವುಗೊಳಿಸಿತು. ಹೃದಯ ವೈಫಲ್ಯ ಇರುವವರಿಗೆ ಅದು ಸಲ್ಲದು ಎಂಬುದನ್ನಾದರೂ ಕಾಲು ಊದಿಕೊಂಡ ರೋಗಿಗಳು ತಿಳಿದಿರಬೇಕು.

ಮೆಟ್‌ಫಾರ್ಮಿನ್ ಸುರಕ್ಷಿತವೆನಿಸುವುದು ಮೂತ್ರಪಿಂಡ ಸರಿಯಿದ್ದಾಗ. ಮೂತ್ರಪಿಂಡದ ಶೋಧನ ಶಕ್ತಿಯನ್ನು ಸೂಚಿಸುವ ಇಜಿಎಫ್‌ಆರ್ ಅಂಕಿ 45ಕ್ಕಿಂತ ಕೆಳಗಿದ್ದರೆ ಹೊಸದಾಗಿ ಆರಂಭಿಸಬಾರದು, 30ಕ್ಕಿಂತ ಕೆಳಗಿಳಿದರೆ ಸೇವಿಸಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಸ್ಪಷ್ಟಪಡಿಸಿದ್ದಾರೆ. ಈ ಅಂಕಿ ಕ್ರಿಯಾಟಿನಿನ್ ಎಂಬ ಸಾಮಾನ್ಯ ರಕ್ತ ಪರೀಕ್ಷೆಯಿಂದಲೇ ಸಿಗುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಿಸದೆ ಮೆಟ್‌ಫಾರ್ಮಿನ್ ಮುಂದುವರಿಸುವುದು ಕಣ್ಣುಕಟ್ಟಿ ನಡೆದಂತೆ. ದೀರ್ಘಕಾಲದ ಸೇವನೆಯಿಂದ ಬಿ12 ಜೀವಸತ್ವದ ಕೊರತೆಯೂ ಉಂಟಾಗುತ್ತದೆ. ಆ ಜೀವಸತ್ವ ಸಹಜವಾಗಿ ಸಿಗುವುದು ಮಾಂಸ, ಮೊಟ್ಟೆ, ಹಾಲಿನಂಥ ಪದಾರ್ಥಗಳಿಂದ ಮಾತ್ರ. ಸಸ್ಯಾಹಾರಿಗಳಾದ ಮಧುಮೇಹಿಗಳ ಪಾದದ ಜೋಮು ಸಕ್ಕರೆಯದೋ ಬಿ12 ಕೊರತೆಯದೋ ಎಂದು ಪರೀಕ್ಷಿಸದೆ 'ಶುಗರ್ ಅಲ್ಲವೇ, ಹಾಗೇ ಇರುತ್ತದೆ' ಎಂದು ಬಿಟ್ಟುಬಿಡುವುದು ನಮ್ಮಲ್ಲಿ ರೂಢಿಯಾಗಿದೆ.

ಇನ್ನು ಅಗ್ಗವಾದ ಗ್ಲಿಫ್ಲೋಜಿನ್‌ಗಳು. ಇವು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಹೃದಯ ವೈಫಲ್ಯ ಮತ್ತು ಮೂತ್ರಪಿಂಡದ ಕಾಯಿಲೆಯಲ್ಲಿ ಇವುಗಳ ಪ್ರಯೋಜನ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಪಟ್ಟಿಗೂ ಸೇರಿದವು. ಆದರೆ ಜನನಾಂಗದ ಶಿಲೀಂಧ್ರ ಸೋಂಕು ಇವುಗಳ ಸಾಮಾನ್ಯ ಅಡ್ಡಪರಿಣಾಮ. ಸಂಕೋಚದಿಂದ ವೈದ್ಯರಿಗೆ ಹೇಳದ ಮಹಿಳೆಯರು ಮಾತ್ರೆಯನ್ನೇ ಸದ್ದಿಲ್ಲದೆ ಬಿಡುತ್ತಾರೆ. ಹೆಚ್ಚು ಗಂಭೀರವಾದದ್ದು ಕೀಟೋಅಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಸ್ಥಿತಿ. ಅಪರೂಪವಾದರೂ ಜೀವಕ್ಕೆ ಅಪಾಯ. ಸಾಮಾನ್ಯವಾಗಿ ಇದು ಸಕ್ಕರೆ ವಿಪರೀತ ಏರಿದಾಗ ಬರುವಂಥದ್ದು. ಈ ಔಷಧ ಸೇವಿಸುವವರಲ್ಲಿ ಸಕ್ಕರೆ 200ರ ಆಸುಪಾಸಿನಲ್ಲಿದ್ದಾಗಲೂ ಬರಬಹುದು. ಗ್ಲೂಕೋಮೀಟರ್ ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋದಂತೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಸ್ಪತ್ರೆಗೆ ಹೋಗಿ ಮಾತ್ರೆಯ ಹೆಸರು ಹೇಳಬೇಕು. ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್‌ಗಳನ್ನು ನಿಲ್ಲಿಸಬೇಕೆಂಬ ಸೂಚನೆ 2020ರಿಂದ ಜಾರಿಯಲ್ಲಿದೆ. ಅನ್ನ, ರಾಗಿ ಎಲ್ಲವನ್ನೂ ಬಿಟ್ಟು ಕೀಟೋ ಪಥ್ಯ ಹಿಡಿದ ನಗರವಾಸಿಗಳಿಗೆ ಈ ಮಾತ್ರೆ ಹೇಳಿಸಿದ್ದಲ್ಲ.

2022ರಲ್ಲಿ ಭಾರತಕ್ಕೆ ಬಂದ ಸೆಮಾಗ್ಲುಟೈಡ್ ಮಾತ್ರೆಯ ಶಿಸ್ತು ಮತ್ತೂ ಕಠಿಣ. ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಏನನ್ನೂ ಸೇವಿಸಬಾರದು. ಎದ್ದೊಡನೆ ಫಿಲ್ಟರ್ ಕಾಫಿ ಬೇಕೆನ್ನುವ ಮನೆಗಳಲ್ಲಿ ಇಷ್ಟು ದುಬಾರಿ ಮಾತ್ರೆ ಕಾಫಿಯೊಂದಿಗೇ ವ್ಯರ್ಥವಾಗುತ್ತದೆ.

ಪರೀಕ್ಷೆಯ ದಿನದ ಸುಳ್ಳು

ವೈದ್ಯರು ಪ್ರಮಾಣ ನಿರ್ಧರಿಸುವುದು ಪ್ರಯೋಗಾಲಯದ ವರದಿ ನೋಡಿ. ಆ ವರದಿಯನ್ನೇ ನಾವು ತಿರುಚುತ್ತೇವೆ. 'ಔಷಧವಿಲ್ಲದೆ ಎಷ್ಟಿದೆ ನೋಡೋಣ' ಎಂದು ಊಟದ ನಂತರದ ಪರೀಕ್ಷೆಯ ದಿನ ಮಾತ್ರೆ ಬಿಡುವವರು ಒಂದು ಕಡೆ. ವರದಿ ಹೆಚ್ಚು ಬರುತ್ತದೆ, ಪ್ರಮಾಣ ಏರುತ್ತದೆ, ಮರುವಾರ ಸಕ್ಕರೆ ಕುಸಿಯುತ್ತದೆ. ಎರಡು ದಿನ ಬರೀ ಸೌತೆಕಾಯಿ ತಿಂದು ಹೋಗಿ ವೈದ್ಯರಿಂದ ಶಹಬ್ಬಾಸ್‌ಗಿರಿ ಪಡೆಯುವವರು ಇನ್ನೊಂದು ಕಡೆ. ಖಾಲಿ ಹೊಟ್ಟೆಯ ಪರೀಕ್ಷೆಗೆ ಮುನ್ನವೇ ಗ್ಲಿಮೆಪಿರೈಡ್ ನುಂಗಿ ಪ್ರಯೋಗಾಲಯದ ಸರತಿ ಸಾಲಿನಲ್ಲಿ ತಲೆಸುತ್ತಿ ಬೀಳುವವರೂ ಇದ್ದಾರೆ. ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ, ಉಪಾಹಾರದ ಜೊತೆ ಎಂದಿನಂತೆ ಸೇವಿಸಿದರೆ ಸರಿ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

'ಇಂಗ್ಲಿಷ್ ಔಷಧ ಬೇಡ' ಎಂದು ಗಿಡಮೂಲಿಕೆಯ ಹೆಸರಿನ ಪುಡಿಗಳಿಗೆ ಮೊರೆಹೋಗುವವರೂ ಒಂದು ಘಟನೆಯನ್ನು ನೆನಪಿಡಬೇಕು. 2008ರಲ್ಲಿ ಸಿಂಗಪುರದಲ್ಲಿ ಮಧುಮೇಹವೇ ಇಲ್ಲದ ನೂರಕ್ಕೂ ಹೆಚ್ಚು ಜನ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಅವರು ಸೇವಿಸಿದ್ದ ಲೈಂಗಿಕ ಶಕ್ತಿವರ್ಧಕ ಕಳ್ಳಮಾಲಿನಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ಹೆಸರು, ಪ್ರಮಾಣ, ತಯಾರಕರ ವಿಳಾಸ ಯಾವುದೂ ಇಲ್ಲದ ಪುಡಿ ವಾರದಲ್ಲಿ ಸಕ್ಕರೆ ಇಳಿಸಿತೆಂದರೆ ಅದು ಬೇರಿನ ಗುಣವೇ ಆಗಿರಬೇಕೆಂದಿಲ್ಲ.

ಎಷ್ಟು ಇಳಿಸಬೇಕು?

ಸಕ್ಕರೆಯನ್ನು ಇಳಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಬಹುಕಾಲ ವೈದ್ಯಲೋಕದಲ್ಲಿಯೂ ಇತ್ತು. ಹೃದಯದ ಅಪಾಯ ಹೆಚ್ಚಾಗಿದ್ದ ಮಧುಮೇಹಿಗಳ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಅಕಾರ್ಡ್ ಅಧ್ಯಯನದಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅಂಕಿಯನ್ನು 6ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಾದವು. 2008ರ ಫೆಬ್ರವರಿಯಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಆ ಬಳಿಕ ಎಲ್ಲರಿಗೂ ಒಂದೇ ಗುರಿ ಎಂಬ ಮಾತು ಹಿಂದೆ ಸರಿದಿದೆ. 40ರ ಹರೆಯದವರಿಗೆ 7ರ ಒಳಗಿನ ಗುರಿ ಸೂಕ್ತವಾದರೆ, ಹಲವು ಕಾಯಿಲೆಗಳಿರುವ 78ರ ವೃದ್ಧರಿಗೆ 8ರ ಆಸುಪಾಸು ಸಾಕಾಗಬಹುದು. ಅಂಥವರ ಮಾತ್ರೆಯನ್ನು ಕಡಿಮೆ ಮಾಡುವುದೂ ಚಿಕಿತ್ಸೆಯೇ. ತಂದೆತಾಯಿಯರ ವರದಿಯಲ್ಲಿ 6.2 ಎಂದು ಕಂಡು ಸಂಭ್ರಮಿಸುವ ಮಕ್ಕಳು, ಅವರು ಸೇವಿಸುತ್ತಿರುವ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆಯೇ, ರಾತ್ರಿ ಬೆವರುತ್ತಾರೆಯೇ ಎಂದೂ ವಿಚಾರಿಸಬೇಕು.

ರಾಜ್ಯ ಸರಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಿಸಿದ 'ಗೃಹ ಆರೋಗ್ಯ' ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು ಮಧುಮೇಹ, ರಕ್ತದೊತ್ತಡ ತಪಾಸಣೆ ಮಾಡಿ ಔಷಧವನ್ನೂ ಒದಗಿಸುತ್ತಾರೆ. ಅಂಗಡಿಯ ಕಟ್ಟೆಯಲ್ಲಿ ಆಗದ ಕೆಲಸ ಇಲ್ಲಿ ಸಾಧ್ಯವಿದೆ. ಮಾತ್ರೆ ಕೈಗಿಡುವಾಗ ಕಳೆದ ತಿಂಗಳು ತಲೆಸುತ್ತು ಬಂದಿತ್ತೇ, ಬೇರೆ ಯಾವ ಮಾತ್ರೆ ಸೇವಿಸುತ್ತೀರಿ ಎಂಬ ಎರಡು ಪ್ರಶ್ನೆ ಕೇಳುವುದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಪರೀಕ್ಷೆಗೆ ಬೇಕು. ಆ ಪರೀಕ್ಷೆಯ ದಿನಾಂಕವನ್ನು ಔಷಧದ ಕಾರ್ಡಿನ ಮೇಲೆ ಕನ್ನಡದಲ್ಲಿ ನಮೂದಿಸುವ ಒಂದು ಕಾಲಂ ಸೇರಿಸಿದರೆ, ಅದು ಖಾಲಿ ಇದ್ದಾಗ ಮಾತ್ರೆ ಕೊಡುವವರಿಗೂ ಪಡೆಯುವವರಿಗೂ ಕಣ್ಣಿಗೆ ಬೀಳುತ್ತದೆ.